ರಕ್ತಕ್ಕೆ ಕಬ್ಬಿಣವಿಲ್ಲ, ಜುಟ್ಟಿಗೆ ಮ್ಯಾಂಗನೀಸ್!

ಬೆಳಗಾವಿ–ಬಾಗಲಕೋಟೆ ರಸ್ತೆಯ ಮೇಲಿರುವ ನಮ್ಮ ಯರಗಟ್ಟಿಯಲ್ಲಿ ಸಂತೆಯ ದಿನವೆಂದರೆ ದವಾಖಾನೆಯಲ್ಲೂ ಸಂತೆಯೇ. ಸುತ್ತಲಿನ ಹಳ್ಳಿಗಳವರು ಕಾಯಿಪಲ್ಲೆ ಕೊಳ್ಳುವ ಮುನ್ನ ಡಾಕ್ಟರರಿಗೂ ಒಮ್ಮೆ ಮುಖ ತೋರಿಸಿ ಹೋಗುವುದು ರೂಢಿ. ಅಂಥ ಒಂದು ದಿನ ನಲವತ್ತರ ಆಸುಪಾಸಿನ ತಾಯಿಯೊಬ್ಬರು ಬಂದು ಕುಳಿತರು. ಕೈಚೀಲದಿಂದ ಒಂದು ದೊಡ್ಡ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

"ಡಾಕ್ಟರ್ ಸಾಹೇಬ್ರ, ಮೂರ ತಿಂಗಳಾತ್ರಿ ಈ ಗುಳಿಗಿ ತಗೊಳ್ಳಾಕತ್ತ. ಮಣಕಾಲ ನೋವೂ ಹೋಗವಲ್ದು, ಸುಸ್ತೂ ಹೋಗವಲ್ದು. ಮಗಾ ಇನ್ನೊಂದ ಡಬ್ಬಿ ಕಳಿಸ್ತೀನಿ ಅಂತಾನ. ತರಿಸ್ಲೇನ್ರಿ?"

ಡಬ್ಬಿಯನ್ನು ತಿರುಗಿಸಿ ನೋಡಿದೆ. ತಿಂಗಳಿಗೆ ಒಂದು ಡಬ್ಬಿ, ಬೆಲೆ ಸಾವಿರದ ನಾನೂರು ರೂಪಾಯಿ. ಒಳಗಿರುವ ಹತ್ತಾರು ವಸ್ತುಗಳ ಪಟ್ಟಿಯಲ್ಲಿ ಒಂದು ಹೆಸರನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು: 'ಕೀಲೇಟೆಡ್ ಮ್ಯಾಂಗನೀಸ್, 5 ಮಿ.ಗ್ರಾಂ'. ಅದರ ಕೆಳಗೆ, ಸಾಧಾರಣ ಮ್ಯಾಂಗನೀಸಿಗಿಂತ ಇದು ದೇಹಕ್ಕೆ ಹೆಚ್ಚು ಹತ್ತುತ್ತದೆ ಎಂಬ ಹೊಗಳಿಕೆ. ಕಬ್ಬಿಣ ಮಾತ್ರ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ಆ ತಾಯಿಯ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರೆ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿತ್ತು. ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 7.6 ಗ್ರಾಂ. ಇರಬೇಕಾದದ್ದು ಕನಿಷ್ಠ 12. ನಾಲ್ಕು ಸಾವಿರಕ್ಕೂ ಮೀರಿ ಖರ್ಚಾಗಿತ್ತು, ಮೂರು ತಿಂಗಳು ಕಳೆದಿತ್ತು. ನಿಜವಾದ ಕೊರತೆಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನಮಗೆಲ್ಲ ಗೊತ್ತು. ಈಗ ಗಾದೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆರಡು ಹೊತ್ತು ರೊಟ್ಟಿ, ಪಲ್ಯ, ಬೇಳೆ ಉಣ್ಣುವ ಮನುಷ್ಯನಿಗೆ ಡಬ್ಬಿಯ ಮ್ಯಾಂಗನೀಸ್ ಬೇಕಿಲ್ಲ. ಅದು 'ಕೀಲೇಟೆಡ್' ಆಗಿದ್ದರೂ ಬೇಕಿಲ್ಲ. ಕೆಲವರಿಗಂತೂ ಅದು ಕೊಡಲೇಬಾರದ ವಸ್ತು. ಏಕೆಂಬುದನ್ನು ವಿವರಿಸುತ್ತೇನೆ.

ಮ್ಯಾಂಗನೀಸ್ ಎಂದರೇನು?

ಮೊದಲು ಒಂದು ಗೊಂದಲ ತಿಳಿಯಾಗಲಿ. ಮ್ಯಾಂಗನೀಸ್ ಬೇರೆ, ಮೆಗ್ನೀಷಿಯಂ ಬೇರೆ. ಗ್ರೀಸ್ ದೇಶದ ಮೆಗ್ನೀಷಿಯಾ ಎಂಬ ಒಂದೇ ಸ್ಥಳನಾಮದಿಂದ ಎರಡೂ ಹೆಸರು ಹುಟ್ಟಿದ್ದರಿಂದ ಕಿವಿಗೆ ಒಂದೇ ರೀತಿ ಕೇಳಿಸುತ್ತವೆ. ದೇಹಕ್ಕೆ ದಿನವೂ ಬೇಕಾಗುವ ಮೆಗ್ನೀಷಿಯಂ ನೂರಾರು ಮಿಲಿಗ್ರಾಂ. ಮ್ಯಾಂಗನೀಸ್ ಬೇಕಾಗುವುದು ಎರಡು ಮಿಲಿಗ್ರಾಂ ಆಸುಪಾಸು. ಅಂಗಡಿಯಲ್ಲಿ ಒಂದನ್ನು ಕೇಳಿ ಇನ್ನೊಂದನ್ನು ತಂದವರನ್ನು ನಾನು ಕಂಡಿದ್ದೇನೆ.

ಮ್ಯಾಂಗನೀಸ್ ಒಂದು ಲೋಹ. ಬಳ್ಳಾರಿ ಜಿಲ್ಲೆಯ ಸಂಡೂರಿನ ಬೆಟ್ಟಗಳಲ್ಲಿ ಅಗೆದು ತೆಗೆಯುತ್ತಾರಲ್ಲ, ಉಕ್ಕನ್ನು ಗಟ್ಟಿಗೊಳಿಸಲು ಬಳಸುತ್ತಾರಲ್ಲ, ಅದೇ ಲೋಹ. ನಮ್ಮ ಇಡೀ ದೇಹದಲ್ಲಿ ಇರುವುದು 10ರಿಂದ 20 ಮಿಲಿಗ್ರಾಂ ಮಾತ್ರ. ಕಬ್ಬಿಣವಾದರೋ 3ರಿಂದ 4 ಗ್ರಾಂ ಇರುತ್ತದೆ, ಅಂದರೆ ಇನ್ನೂರು ಪಟ್ಟಿಗೂ ಮೇಲೆ.

ಸ್ವಲ್ಪವೇ ಇದ್ದರೂ ಅದರ ಕೆಲಸ ಸಣ್ಣದಲ್ಲ. ಜೀವಕೋಶದೊಳಗೆ ಶಕ್ತಿ ತಯಾರಾಗುವಾಗ ಹುಟ್ಟುವ ಹಾನಿಕಾರಕ ಆಮ್ಲಜನಕದ ಕಣಗಳನ್ನು ತಟಸ್ಥಗೊಳಿಸುವ ಒಂದು ಕಿಣ್ವದ ನಡುವೆ ಮ್ಯಾಂಗನೀಸ್ ಕುಳಿತಿರುತ್ತದೆ. ಯಕೃತ್ತಿನಲ್ಲಿ ಯೂರಿಯಾ ತಯಾರಿಸುವ ಕಿಣ್ವಕ್ಕೂ, ಎಲುಬು ಮತ್ತು ಕೀಲಿನ ಮೃದ್ವಸ್ಥಿ ಕಟ್ಟುವ ಕಿಣ್ವಗಳಿಗೂ ಅದು ಬೇಕು. ಡಬ್ಬಿ ಮಾರುವವರು ಹೇಳುವ ಈ ಮಾತುಗಳೆಲ್ಲ ನಿಜವೇ. ಆದರೆ ಒಂದು ವಸ್ತು ದೇಹಕ್ಕೆ ಅಗತ್ಯ ಎನ್ನುವುದು ಒಂದು ಮಾತು, ಅದು ನಿಮ್ಮಲ್ಲಿ ಕಡಿಮೆಯಾಗಿದೆ ಎನ್ನುವುದು ಇನ್ನೊಂದು ಮಾತು. ಮೊದಲನೆಯದನ್ನು ಹೇಳಿ ಎರಡನೆಯದನ್ನು ನಂಬಿಸುವುದೇ ಈ ವ್ಯಾಪಾರದ ಗುಟ್ಟು.

ಏಡಿಯ ಹಿಡಿತ

ಇನ್ನು 'ಕೀಲೇಟೆಡ್' ಎಂಬ ಪದ. ಗ್ರೀಕ್ ಭಾಷೆಯಲ್ಲಿ 'ಖೀಲೆ' ಎಂದರೆ ಏಡಿಯ ಇಕ್ಕಳದಂಥ ಕೈ. 1920ರಲ್ಲಿ ಮಾರ್ಗನ್ ಮತ್ತು ಡ್ರೂ ಎಂಬ ರಸಾಯನಶಾಸ್ತ್ರಜ್ಞರು ಈ ಹೆಸರಿಟ್ಟರು. ಲೋಹದ ಒಂದು ಕಣವನ್ನು ಮತ್ತೊಂದು ಅಣು ಏಡಿಯಂತೆ ಎರಡೂ ಕಡೆಯಿಂದ ಹಿಡಿದುಕೊಂಡರೆ ಅದು ಕೀಲೇಟ್. ಗುಳಿಗೆಗಳಲ್ಲಿ ಹಾಗೆ ಹಿಡಿಯುವುದು ಸಾಮಾನ್ಯವಾಗಿ ಗ್ಲೈಸಿನ್‌ನಂಥ ಅಮೈನೋ ಆಮ್ಲ.

ನಮ್ಮ ಭಾಗದ ರೈತರಿಗೆ ಈ ಪದ ಹೊಸದಲ್ಲ. ಗೊಬ್ಬರದ ಅಂಗಡಿಯಲ್ಲಿ 'ಚಿಲೇಟೆಡ್' ಸತು, 'ಚಿಲೇಟೆಡ್' ಮ್ಯಾಂಗನೀಸ್ ಎಂದು ಪೊಟ್ಟಣಗಳನ್ನು ಮಾರುವುದು ಇದನ್ನೇ. ಅಲ್ಲಿ ಏಡಿಯ ಕೆಲಸ ಮಾಡುವುದು ಇ.ಡಿ.ಟಿ.ಎ. ಎಂಬ ರಾಸಾಯನಿಕ. ಹೊಲದಲ್ಲಿ ಅದಕ್ಕೆ ಅರ್ಥವಿದೆ. ಸುಣ್ಣದ ಅಂಶ ಹೆಚ್ಚಿರುವ ಎರೆ ಭೂಮಿಯಲ್ಲಿ ಮ್ಯಾಂಗನೀಸ್ ಇದ್ದರೂ ಮಣ್ಣಿನ ಕ್ಷಾರಗುಣ ಅದನ್ನು ಕಟ್ಟಿಹಾಕುತ್ತದೆ, ಬೇರಿಗೆ ಸಿಗಗೊಡುವುದಿಲ್ಲ. ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಏಡಿಯ ಹಿಡಿತದಲ್ಲಿರುವ ಲೋಹವನ್ನು ಮಣ್ಣು ಅಷ್ಟು ಸುಲಭವಾಗಿ ಕಟ್ಟಿಹಾಕಲಾರದು.

ಆದರೆ ನಮ್ಮ ಹೊಟ್ಟೆ ಎರೆ ಹೊಲವಲ್ಲ. ಜಠರದಲ್ಲಿರುವುದು ಕ್ಷಾರವಲ್ಲ, ಆಮ್ಲ. ಆಹಾರದಲ್ಲಿರುವ ಮ್ಯಾಂಗನೀಸನ್ನು ಬಿಡಿಸಿಕೊಳ್ಳಲು ಅದಕ್ಕೆ ಏಡಿಯ ಸಹಾಯ ಬೇಡ. ಬೆಳೆಗೆ ಒಳ್ಳೆಯದಾದದ್ದು ಬೆಳೆದವನಿಗೂ ಒಳ್ಳೆಯದಿರಬೇಕು ಎಂದುಕೊಳ್ಳಬೇಡಿ. ಗುಳಿಗೆಗಳಲ್ಲಿ ಬಳಸುವ ಮ್ಯಾಂಗನೀಸಿನ ಬೇರೆ ಬೇರೆ ರೂಪಗಳಲ್ಲಿ ಮನುಷ್ಯರಿಗೆ ಕೀಲೇಟೇ ಮೇಲು ಎಂದು ಗಟ್ಟಿಯಾಗಿ ಸಾಬೀತಾಗಿಯೂ ಇಲ್ಲ.

ಕೊರತೆ ಯಾರಿಗೆ ಬರುತ್ತದೆ?

ಪ್ರಾಣಿಗಳಲ್ಲಿ ಮ್ಯಾಂಗನೀಸ್ ಕೊರತೆ ಇದೆ. 1931ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಇದು ಅಗತ್ಯ ಖನಿಜವೆಂದು ಗೊತ್ತಾಯಿತು. ಅದೇ ದಶಕದಲ್ಲಿ ಫಾರಂ ಕೋಳಿಮರಿಗಳ ಕಾಲಿನ ಸ್ನಾಯುರಜ್ಜು ಜಾರಿ ಕಾಲು ಸೊಟ್ಟಗಾಗುವ ರೋಗಕ್ಕೆ ಮೇವಿನಲ್ಲಿ ಮ್ಯಾಂಗನೀಸ್ ಕಡಿಮೆಯಾದದ್ದೇ ಕಾರಣವೆಂದು ತಿಳಿಯಿತು. ಅಂದಿನಿಂದ ಕೋಳಿಯ ಮೇವಿಗೆ ಅದನ್ನು ಬೆರೆಸುತ್ತಾರೆ.

ಮನುಷ್ಯರಲ್ಲಿ? ಊರಲ್ಲಿ ಉಂಡು ತಿಂದು ಓಡಾಡುವವರಲ್ಲಿ ಈ ಕೊರತೆಯ ರೋಗ ಇಲ್ಲವೆನ್ನುವಷ್ಟು ಅಪರೂಪ. ಅದನ್ನು ನೋಡಬೇಕಾದರೆ ಪ್ರಯತ್ನಪಟ್ಟು ಸೃಷ್ಟಿಸಬೇಕು. 1987ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಏಳು ಜನ ಯುವಕರಿಗೆ ಮ್ಯಾಂಗನೀಸ್ ಬಹುತೇಕ ಇಲ್ಲದ, ದಿನಕ್ಕೆ 0.11 ಮಿಲಿಗ್ರಾಂ ಮಾತ್ರ ಇದ್ದ ಕೃತಕ ಆಹಾರವನ್ನು 39 ದಿನ ಕೊಟ್ಟರು. ಅವರಲ್ಲಿ ಐವರಿಗೆ ಬೆವರುಸಾಲೆಯಂಥ ಗುಳ್ಳೆಗಳು ಎದ್ದವು. ಮ್ಯಾಂಗನೀಸ್ ಕೊಟ್ಟ ಮೇಲೆ ಹೋದವು. ಪ್ರಯೋಗಾಲಯದಲ್ಲಿ ಕಟ್ಟುನಿಟ್ಟಾಗಿ ಕೂಡಿಹಾಕಿ ಉಣಿಸಿದರೂ ಕಂಡದ್ದು ಇಷ್ಟು! ಇನ್ನು ತಿಂಗಳುಗಟ್ಟಲೆ ಬಾಯಿಂದ ಆಹಾರ ಸೇವಿಸದೆ ರಕ್ತನಾಳದ ಮೂಲಕವೇ ಪೋಷಣೆ ಪಡೆಯುವ ರೋಗಿಗಳ ವಿಷಯದಲ್ಲಿ ವೈದ್ಯರು ಇದನ್ನು ಲೆಕ್ಕ ಹಾಕುತ್ತಾರೆ. ಅಲ್ಲಿಯೂ ಈಗಿನ ಚಿಂತೆ ಹೆಚ್ಚಾಗಿ ಕೊಟ್ಟುಬಿಟ್ಟೇವೆಂಬುದೇ.

ನಮ್ಮ ತಾಟಿನ ಲೆಕ್ಕ

ಅಮೆರಿಕದ ಪರಿಣತರ ಮಂಡಳಿ 2001ರಲ್ಲಿ ಗೊತ್ತುಮಾಡಿದಂತೆ ದಿನಕ್ಕೆ ಗಂಡಸರಿಗೆ 2.3, ಹೆಂಗಸರಿಗೆ 1.8 ಮಿಲಿಗ್ರಾಂ ಮ್ಯಾಂಗನೀಸ್ ಸಾಕು. ಬಸುರಿಯರಿಗೆ 2, ಹಾಲುಣಿಸುವ ತಾಯಂದಿರಿಗೆ 2.6. ಯೂರೋಪಿನವರು 2013ರಲ್ಲಿ ವಯಸ್ಕರಿಗೆ 3 ಎಂದರು. ಇರಲಿ, ದೊಡ್ಡ ಅಂಕಿಯನ್ನೇ ಹಿಡಿಯೋಣ.

ಈಗ ನಮ್ಮ ತಾಟು ನೋಡಿ. 100 ಗ್ರಾಂ ಜೋಳದಲ್ಲಿ ಹೆಚ್ಚುಕಡಿಮೆ 1ರಿಂದ 1.5 ಮಿಲಿಗ್ರಾಂ ಮ್ಯಾಂಗನೀಸ್ ಇರುತ್ತದೆ. ದಿನಕ್ಕೆ ನಾಲ್ಕು ರೊಟ್ಟಿಗೆ 200 ಗ್ರಾಂ ಹಿಟ್ಟು ಹಿಡಿದರೆ 2ರಿಂದ 3 ಮಿಲಿಗ್ರಾಂ ಅಲ್ಲಿಯೇ ಬಂತು. ಹಿಡಿ ಕಡಲೆಯದೋ ಹೆಸರಿನದೋ ಕಾಳುಪಲ್ಯ ಅರ್ಧದಿಂದ ಒಂದು ಮಿಲಿಗ್ರಾಂ ಕೊಡುತ್ತದೆ. ಶೇಂಗಾ ಹಿಂಡಿ ಎರಡು ಚಮಚ ಹಾಕಿಕೊಂಡರೆ ಇನ್ನರ್ಧ. ಚಹಾದ ಎಲೆಯಂತೂ ಮ್ಯಾಂಗನೀಸಿನ ಉಗ್ರಾಣವೇ. ಹಾಲು ಹಾಕಿದ ಎರಡು ಕಪ್ ಚಹಾದಿಂದ ಮತ್ತಷ್ಟು. ರಾಜಗಿರಿ, ಮೆಂತೆ ಸೊಪ್ಪು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇವನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಆದರೂ ಮೂರೂವರೆಯಿಂದ ಐದು ಮಿಲಿಗ್ರಾಂ ದಾಟಿತು.

ಇದು ಆಶ್ಚರ್ಯವಲ್ಲ. ಗಿಡದ ಎಲೆ ಸೂರ್ಯನ ಬೆಳಕಿನಲ್ಲಿ ನೀರನ್ನು ಒಡೆದು ಆಮ್ಲಜನಕ ಬಿಡುತ್ತದೆಂದು ನಿಮ್ಮ ಮಕ್ಕಳು ಶಾಲೆಯಲ್ಲಿ ಓದಿರುತ್ತಾರೆ. ಆ ಒಡೆಯುವ ಕೆಲಸ ಮಾಡುವುದು ಮ್ಯಾಂಗನೀಸಿನ ನಾಲ್ಕು ಪರಮಾಣುಗಳ ಒಂದು ಗುಂಪು. ಅದಿಲ್ಲದೆ ಯಾವ ಹಸಿರು ಗಿಡವೂ ಬದುಕಲಾರದು. ಆದ್ದರಿಂದ ಕಾಳು, ಸೊಪ್ಪು, ಧಾನ್ಯ ತಿನ್ನುವ ಮನೆಯಲ್ಲಿ ಮ್ಯಾಂಗನೀಸಿಗೆ ಬರವಿಲ್ಲ. ಹಾಲು, ಮೊಟ್ಟೆ, ಮಾಂಸಗಳಲ್ಲಿ ಇದು ಕಡಿಮೆ. ಸಸ್ಯಾಹಾರಿಗಳಿಗೆ ಇದರಲ್ಲಿ ಲಾಭವೇ ಹೊರತು ನಷ್ಟವಿಲ್ಲ.

"ಧಾನ್ಯದಲ್ಲಿರುವ ಫೈಟೇಟ್ ಎಂಬ ವಸ್ತು ಖನಿಜಗಳನ್ನು ಹೀರಲು ಬಿಡುವುದಿಲ್ಲವಂತಲ್ಲ?" ಎಂದು ಓದಿಕೊಂಡವರು ಕೇಳಬಹುದು. ಅದು ಸರಿ. ಕಬ್ಬಿಣ ಮತ್ತು ಸತುವಿನ ವಿಷಯದಲ್ಲಿ ಅದು ಚಿಂತೆಯ ಮಾತೂ ಹೌದು. ಆದರೆ ಮ್ಯಾಂಗನೀಸ್ ನಮ್ಮ ಊಟದಲ್ಲಿ ಬೇಕಾದುದಕ್ಕಿಂತ ಹೆಚ್ಚೇ ಇರುವುದರಿಂದ ಸ್ವಲ್ಪ ಸೋರಿ ಹೋದರೂ ಕೊರತೆ ಬೀಳುವುದಿಲ್ಲ.

ಬಾಗಿಲು ಇರುವುದು ಕಾವಲಿಗೆ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. 'ದೇಹಕ್ಕೆ ಹೆಚ್ಚು ಹತ್ತುತ್ತದೆ' ಎಂಬುದನ್ನು ಡಬ್ಬಿಯವರು ಒಂದು ಗುಣವೆಂದು ಬರೆದಿರುತ್ತಾರೆ. ಮ್ಯಾಂಗನೀಸಿನ ಮಟ್ಟಿಗೆ ಅದು ಗುಣವೇ ಎಂದು ನಾವು ಕೇಳಿಕೊಳ್ಳಬೇಕು.

ಉಂಡ ಮ್ಯಾಂಗನೀಸಿನಲ್ಲಿ ನಮ್ಮ ಕರುಳು ಒಳಗೆ ಬಿಡುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಬಂದದ್ದರಲ್ಲಿ ಹೆಚ್ಚಾದದ್ದನ್ನು ಯಕೃತ್ತು ಪಿತ್ತರಸದ ಮೂಲಕ ಹೊರಗೆ ಕಳಿಸುತ್ತದೆ. ದೇಹ ಬೇಕೆಂದೇ ಇಟ್ಟುಕೊಂಡ ಎರಡು ಕಾವಲುಗಳಿವು. ಏಕೆಂದರೆ ಈ ಲೋಹ ಹೆಚ್ಚಾದರೆ ಹೋಗಿ ಕೂರುವುದು ಮೆದುಳಿನಲ್ಲಿ. ನಡಿಗೆ, ಮಾತು, ಕೈಚಳಕಗಳನ್ನು ಹದದಲ್ಲಿಡುವ ಭಾಗದಲ್ಲಿಯೇ ಅದು ಸೇರಿಕೊಳ್ಳುತ್ತದೆ.

1837ರಲ್ಲಿ ಗ್ಲಾಸ್ಗೋ ನಗರದ ವೈದ್ಯ ಕೂಪರ್ ಇದನ್ನು ಮೊದಲು ವರ್ಣಿಸಿದರು. ಬಟ್ಟೆ ಬಿಳುಪು ಮಾಡುವ ಪುಡಿ ತಯಾರಿಸಲು ಮ್ಯಾಂಗನೀಸ್ ಅದಿರನ್ನು ಅರೆಯುತ್ತಿದ್ದ ಕೂಲಿಗಳ ಕಾಲು ಸೋಲುತ್ತಿದ್ದವು, ನಡೆಯುವಾಗ ಮುಂದಕ್ಕೆ ಮುಗ್ಗರಿಸುತ್ತಿದ್ದರು, ದನಿ ಕುಗ್ಗುತ್ತಿತ್ತು. ಇಂದು ಪಾರ್ಕಿನ್ಸನ್ ಎಂದು ನಾವು ಕರೆಯುವ ರೋಗವನ್ನು ಬಹಳಷ್ಟು ಹೋಲುವ ಸ್ಥಿತಿ ಅದು. ಮುಂದೆ ಗಣಿಗಳಲ್ಲಿ, ಉಕ್ಕಿನ ಕುಲುಮೆಗಳಲ್ಲಿ ದುಡಿಯುವವರಲ್ಲಿಯೂ ಅದೇ ಕಂಡಿತು. 1941ರಲ್ಲಿ ಜಪಾನಿನಿಂದ ಬಂದ ವರದಿ ಇನ್ನೂ ವಿಚಿತ್ರ. ಬಾವಿಯ ಪಕ್ಕದಲ್ಲಿ ಹೂತಿದ್ದ ಹಳೆಯ ಬ್ಯಾಟರಿ ಸೆಲ್‌ಗಳಿಂದ ಮ್ಯಾಂಗನೀಸ್ ಬಾವಿಯ ನೀರಿಗಿಳಿದು, ಆ ನೀರು ಕುಡಿದವರು ಕಾಯಿಲೆ ಬಿದ್ದರು, ಸಾವೂ ಆಯಿತು.

ಹೆದರಬೇಡಿ. ಒಂದು ಡಬ್ಬಿ ಗುಳಿಗೆ ತಿಂದವರಿಗೆಲ್ಲ ಹೀಗಾಗುತ್ತದೆಂದು ನಾನು ಹೇಳುತ್ತಿಲ್ಲ. ಆರೋಗ್ಯವಂತನ ಕರುಳು ಮತ್ತು ಯಕೃತ್ತು ತಮ್ಮ ಕಾವಲನ್ನು ಚೆನ್ನಾಗಿಯೇ ಕಾಯುತ್ತವೆ. ಮೇಲಿನ ಕೂಲಿಗಳಿಗೆ ದೂಳು ಹೊಕ್ಕದ್ದು ಶ್ವಾಸದ ಮೂಲಕ, ಅಲ್ಲಿ ಕರುಳಿನ ಬಾಗಿಲೇ ಇಲ್ಲ. (ನಮ್ಮೂರಿನ ಟ್ರೇಲರ್ ಕಟ್ಟುವ ವೆಲ್ಡಿಂಗ್ ಅಂಗಡಿಗಳ ಹುಡುಗರು ಈ ಮಾತನ್ನು ಗಮನಿಸಬೇಕು. ವೆಲ್ಡಿಂಗ್ ಹೊಗೆಯಲ್ಲಿ ಮ್ಯಾಂಗನೀಸ್ ಇರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಗಾಳಿಯಾಡುವ ಕಡೆ ಕೆಲಸ ಮಾಡಿ.) ನಾನು ಹೇಳುವುದಿಷ್ಟೇ. ದೇಹ ಯಾವ ವಸ್ತುವಿಗೆ ಬಾಗಿಲನ್ನು ಅರ್ಧ ಮುಚ್ಚಿಟ್ಟಿದೆಯೋ, ಆ ಬಾಗಿಲನ್ನು ದೂಡಿ ತೆರೆಯುವುದೇ ನನ್ನ ಹೆಗ್ಗಳಿಕೆ ಎನ್ನುವ ಗುಳಿಗೆಯನ್ನು ಮೆಚ್ಚಿಕೊಳ್ಳುವ ಮೊದಲು ಎರಡು ಸಲ ಯೋಚಿಸಿ.

ಕಾವಲು ಸಡಿಲವಾದವರೂ ಇದ್ದಾರೆ. ಅವರಿಗೆ ಈ ಗುಳಿಗೆ ಬೇಡವೇ ಬೇಡ.

ಮೊದಲನೆಯವರು ಯಕೃತ್ತಿನ ರೋಗಿಗಳು. ಕುಡಿತದಿಂದಲೋ ಹಳೆಯ ಕಾಮಾಲೆಯಿಂದಲೋ ಯಕೃತ್ತು ಗಂಟುಗಂಟಾದವರು, ಪಿತ್ತನಾಳ ಕಟ್ಟಿಕೊಂಡವರು. ಹೊರಗೆ ಹಾಕುವ ದಾರಿಯೇ ಮುಚ್ಚಿರುವುದರಿಂದ ಇವರ ಮೆದುಳಿನಲ್ಲಿ ಮ್ಯಾಂಗನೀಸ್ ಸೇರುವುದನ್ನು ಸ್ಕ್ಯಾನಿಂಗ್‌ನಲ್ಲಿ ಕಾಣಬಹುದು. ವಿಪರ್ಯಾಸವೆಂದರೆ ಇಂಥವರಿಗೇ ನೆಂಟರು 'ಶಕ್ತಿಗೆ' ಎಂದು ಡಬ್ಬಿ ತಂದುಕೊಡುವುದು.

ಎರಡನೆಯವರು ರಕ್ತಹೀನತೆಯ ಹೆಣ್ಣುಮಕ್ಕಳು. ಸಣ್ಣಕರುಳಿನಲ್ಲಿ ಕಬ್ಬಿಣಕ್ಕೂ ಮ್ಯಾಂಗನೀಸಿಗೂ ಬಹುಮಟ್ಟಿಗೆ ಒಂದೇ ಬಾಗಿಲು. ದೇಹದಲ್ಲಿ ಕಬ್ಬಿಣ ಕಡಿಮೆಯಾದಾಗ, ಸಿಕ್ಕಷ್ಟು ಕಬ್ಬಿಣ ಬರಲಿ ಎಂದು ಕರುಳು ಆ ಬಾಗಿಲನ್ನು ಅಗಲಿಸಿ ಕಾಯುತ್ತದೆ. ಕಬ್ಬಿಣವಿಲ್ಲದ ಮ್ಯಾಂಗನೀಸ್ ಗುಳಿಗೆ ಕೊಟ್ಟರೆ ಆ ತೆರೆದ ಬಾಗಿಲಲ್ಲಿ ಒಳನುಗ್ಗುವುದು ಮ್ಯಾಂಗನೀಸ್! ನಾನು ಮೊದಲು ಹೇಳಿದ ತಾಯಿಗೆ ಆಗುತ್ತಿದ್ದದ್ದು ಇದೇ. ಕಾಯುತ್ತಿದ್ದ ನೆಂಟ ಬರಲಿಲ್ಲ, ಬೇಡದವನು ಬಂದು ಕುಳಿತ.

ಮೂರನೆಯವರು ಎಳೆಯ ಮಕ್ಕಳು. ಕೂಸುಗಳಲ್ಲಿ ಹೀರಿಕೆ ಹೆಚ್ಚು, ಹೊರಹಾಕುವ ಶಕ್ತಿ ಕಡಿಮೆ.

ಮಿತಿ ಎಷ್ಟು? ಊಟ, ನೀರು, ಗುಳಿಗೆ ಎಲ್ಲ ಸೇರಿ ವಯಸ್ಕರಿಗೆ ದಿನಕ್ಕೆ 11 ಮಿಲಿಗ್ರಾಂ ಮೀರಬಾರದೆಂದು ಅಮೆರಿಕದವರು 2001ರಲ್ಲಿ ಹೇಳಿದರು. ಯೂರೋಪಿನ ಆಹಾರ ಸುರಕ್ಷಾ ಸಂಸ್ಥೆ 2023ರಲ್ಲಿ 8 ಮಿಲಿಗ್ರಾಂವರೆಗೆ ಸುರಕ್ಷಿತ ಎಂದಿತು. ಬ್ರಿಟನ್ನಿನ ತಜ್ಞರು 2003ರಲ್ಲಿ ಇನ್ನೂ ಬಿಗಿಯಾಗಿದ್ದರು. ಗುಳಿಗೆಯ ರೂಪದಲ್ಲಿ ಸಾಮಾನ್ಯರಿಗೆ 4 ಮಿಲಿಗ್ರಾಂ, ವಯಸ್ಸಾದವರಿಗೆ ಬರೀ ಅರ್ಧ ಮಿಲಿಗ್ರಾಂ ಎಂದರು. ಮಣಕಾಲು ನೋವಿಗೆಂದು ಈ ಡಬ್ಬಿ ಕೊಳ್ಳುವವರು ಹೆಚ್ಚಾಗಿ ಯಾರು? ವಯಸ್ಸಾದವರೇ. ಅದರೊಳಗೆ ಎಷ್ಟಿತ್ತು? 5 ಮಿಲಿಗ್ರಾಂ.

ಮಣಕಾಲಿಗೆ ಉಪಯೋಗವಿಲ್ಲವೇ?

ಮೃದ್ವಸ್ಥಿ ಕಟ್ಟಲು ಮ್ಯಾಂಗನೀಸ್ ಬೇಕು ಎಂಬುದರಿಂದ ಸವೆದ ಮಣಕಾಲಿಗೆ ಅದನ್ನು ಕೊಟ್ಟರೆ ಒಳ್ಳೆಯದೆಂಬ ತರ್ಕ ಹುಟ್ಟಿತು. ಗೋಡೆ ಕಟ್ಟಲು ನೀರು ಬೇಕು, ಆದರೆ ಹಳೆಯ ಗೋಡೆ ಬಿರುಕುಬಿಟ್ಟರೆ ನೀರು ಸುರಿದು ಸರಿಮಾಡಲಾದೀತೇ? ಸಾಮಾನ್ಯವಾಗಿ ಇದರ ಜೊತೆಗೆ ಬೆರೆಸುವ ಗ್ಲೂಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಎಂಬ ವಸ್ತುಗಳನ್ನು ಅಮೆರಿಕದಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಮಣಕಾಲು ರೋಗಿಗಳ ಮೇಲೆ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟಾರೆ ರೋಗಿಗಳಲ್ಲಿ ಹುಸಿಗುಳಿಗೆಗಿಂತ ಹೇಳಿಕೊಳ್ಳುವಂಥ ಹೆಚ್ಚಿನ ಗುಣ ಕಾಣಲಿಲ್ಲ.

ಎಲುಬಿನ ವಿಷಯದಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಮುಟ್ಟು ನಿಂತ ಮಹಿಳೆಯರಿಗೆ ಸುಣ್ಣದ ಜೊತೆ ಸತು, ತಾಮ್ರ, ಮ್ಯಾಂಗನೀಸ್ ಮೂರನ್ನೂ ಸೇರಿಸಿ ಕೊಟ್ಟಾಗ ಬೆನ್ನೆಲುಬಿನ ಸವಕಳಿ ತಗ್ಗಿತೆಂದು 1994ರ ಒಂದು ಸಣ್ಣ ಅಧ್ಯಯನ ಹೇಳಿದೆ. ಆದರೆ ಮೂರರಲ್ಲಿ ಯಾವುದು ಕೆಲಸ ಮಾಡಿತೆಂದು ಅದರಿಂದ ತಿಳಿಯುವುದಿಲ್ಲ. ಮ್ಯಾಂಗನೀಸ್ ಒಂದನ್ನೇ ನಂಬಿ ಕೊಳ್ಳಲು ಅದು ಸಾಕ್ಷಿಯಲ್ಲ.

ತಪ್ಪು ನಮ್ಮದೂ ಇದೆ

ಈ ವ್ಯಾಪಾರದ ಹೊಣೆಯನ್ನೆಲ್ಲ ಅಂಗಡಿಯವರ ಮೇಲೆ, ಮನೆಮನೆಗೆ ಬಂದು ಮಾರುವವರ ಮೇಲೆ ಹಾಕಿ ಕೈತೊಳೆದುಕೊಂಡರೆ ಅದು ಪ್ರಾಮಾಣಿಕತೆಯಲ್ಲ. ದವಾಖಾನೆ ತೆರೆದ ಮೊದಲ ವರ್ಷಗಳಲ್ಲಿ ನಾನೂ ಇಂಥ ಗುಳಿಗೆಗಳನ್ನು ಧಾರಾಳವಾಗಿ ಬರೆದಿದ್ದೇನೆ. "ಶಕ್ತಿಗೆ ಏನಾರ ಬರಿರೀ" ಎಂದು ರೋಗಿ ಕೇಳುತ್ತಾನೆ. ಹೊರಗೆ ಮೂವತ್ತು ಜನ ಕಾಯುತ್ತಿರುತ್ತಾರೆ. ಸುಸ್ತು ಯಾಕೆ ಎಂದು ವಿಚಾರಿಸಲು ಹತ್ತು ನಿಮಿಷ ಬೇಕು. ಒಂದು ಸಾಲು ಬರೆಯಲು ಹತ್ತು ಸೆಕೆಂಡು ಸಾಕು. ಬರೆದುಕೊಟ್ಟರೆ ರೋಗಿಗೂ ಸಮಾಧಾನ, ನಮಗೂ ಬಿಡುಗಡೆ. ಹಾಗೆ ಬರೆದ ಎಷ್ಟು ಚೀಟಿಗಳ ಹಿಂದೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಮನಸ್ಸಿನ ಬೇನೆ ಅಡಗಿದ್ದವೋ! ಅದನ್ನು ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಮಕ್ಕಳನ್ನೂ ದೂರುವಂತಿಲ್ಲ. ಪುಣೆಯಲ್ಲೋ ಬೆಂಗಳೂರಲ್ಲೋ ದುಡಿಯುವ ಮಗ ಅವ್ವನ ಮಣಕಾಲಿಗೆಂದು ಸಾವಿರದ ನಾನೂರು ಕೊಟ್ಟು ಡಬ್ಬಿ ಕಳಿಸುತ್ತಾನೆ. ಅದರಲ್ಲಿ ಪ್ರೀತಿ ಇದೆ. ಆ ಪ್ರೀತಿ ಸರಿಯಾದ ದಾರಿಯಲ್ಲಿ ಹೋಗಲಿ ಎಂಬುದಷ್ಟೇ ನನ್ನ ಆಸೆ.

ನಿಜವಾದ ಕೊರತೆ ಯಾವುದು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ಎರಡು ಮನೆಗೆ ಒಬ್ಬಳೆಂದು ಹಿಡಿದರೂ ಕಡಿಮೆಯೇ. ಈ ಅಂಕಿಯ ಮುಂದೆ ಮ್ಯಾಂಗನೀಸಿನ ಚಿಂತೆ ಎಲ್ಲಿಯದು? ಇದರ ಜೊತೆಗೆ ಬಿ-12 ಮತ್ತು ಡಿ ಜೀವಸತ್ವಗಳ ಕೊರತೆಯನ್ನೂ ನಾನು ವಾರವಾರವೂ ಕಾಣುತ್ತೇನೆ. ಬಿ-12 ಗಿಡಗಳಲ್ಲಿ ಇಲ್ಲ. ಹಾಲು ಮೊಸರನ್ನೂ ಸರಿಯಾಗಿ ಸೇವಿಸದ ಸಸ್ಯಾಹಾರಿಗಳಲ್ಲಿ ಅದು ಕಡಿಮೆಯಾಗುತ್ತದೆ.

ಆದ್ದರಿಂದ ಸುಸ್ತು, ಏದುಸಿರು, ಎದೆ ಹೊಡೆದುಕೊಳ್ಳುವುದು, ಮಣ್ಣು ಅಥವಾ ಹಸಿ ಅಕ್ಕಿ ತಿನ್ನುವ ಆಸೆ ಇವು ಕಂಡರೆ ಡಬ್ಬಿ ಕೊಳ್ಳುವ ಮೊದಲು ಹಿಮೋಗ್ಲೋಬಿನ್ ನೋಡಿಸಿ. ಸರಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಆಗುತ್ತದೆ. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಯೂ ಅಲ್ಲಿ ಪುಕ್ಕಟೆ ಸಿಗುತ್ತದೆ. ಪುಕ್ಕಟೆಯೆಂದು ಕೀಳಾಗಿ ನೋಡಬೇಡಿ. ಎಷ್ಟು, ಎಷ್ಟು ದಿನ ಎಂದು ವೈದ್ಯರನ್ನು ಕೇಳಿ. ಚಹಾ, ಹಾಲಿನ ಜೊತೆ ನುಂಗಬೇಡಿ. ಲಿಂಬೆಹುಳಿಯ ನೀರಿನೊಡನೆ ನುಂಗಿದರೆ ಹೆಚ್ಚು ಹತ್ತುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ. ಹಿಮೋಗ್ಲೋಬಿನ್ ಸರಿಯಾದ ಮೇಲೂ ವೈದ್ಯರು ಹೇಳುವವರೆಗೆ ನಿಲ್ಲಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ರಕ್ತ ಎಲ್ಲಿ ಸೋರುತ್ತಿದೆ ಎಂಬುದನ್ನು ಪತ್ತೆಮಾಡಿಸಿ. ಬಿಂದಿಗೆಯ ತೂತು ಮುಚ್ಚದೆ ನೀರು ತುಂಬಿ ಫಲವಿಲ್ಲ.

ಈಗಾಗಲೇ ಡಬ್ಬಿ ಮನೆಯಲ್ಲಿದ್ದರೆ ಒಮ್ಮೆ ಅದರ ಚೀಟಿ ಓದಿ. ಇಂಥ ಪೂರಕಗಳ ಮೇಲೆ 'ಔಷಧವಾಗಿ ಬಳಸಲು ಅಲ್ಲ' ಎಂದು ಬರೆಯಬೇಕೆಂಬುದು ನಮ್ಮ ದೇಶದ ಆಹಾರ ಸುರಕ್ಷತೆಯ 2016ರ ನಿಯಮ. ಸಾಮಾನ್ಯವಾಗಿ ಅದು ಇಂಗ್ಲಿಷಿನಲ್ಲಿ, ಸಣ್ಣಕ್ಷರದಲ್ಲಿ ಇರುತ್ತದೆ. ರೋಗಕ್ಕೆ ಔಷಧವಲ್ಲವೆಂದು ಡಬ್ಬಿಯೇ ಒಪ್ಪಿಕೊಂಡಿರುವಾಗ ಮಾರುವವನ ಮಾತನ್ನು ಏಕೆ ನಂಬಬೇಕು? ಎರಡು ಮೂರು ಡಬ್ಬಿ ಒಟ್ಟಿಗೆ ತಿನ್ನುವವರು ಎಲ್ಲದರಲ್ಲಿರುವ ಮ್ಯಾಂಗನೀಸನ್ನು ಕೂಡಿಸಿ ನೋಡಿ. ಥೈರಾಯ್ಡ್ ಗುಳಿಗೆ, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ತೆಗೆದುಕೊಳ್ಳುವವರು ಯಾವುದೇ ಖನಿಜದ ಗುಳಿಗೆಯನ್ನು ಅವುಗಳ ಜೊತೆಗೆ ನುಂಗಬಾರದು. ಔಷಧವೇ ಹತ್ತದೆ ಹೋಗಬಹುದು. ಬೋರಿನ ನೀರು ಪಾತ್ರೆಗೆ, ಬಟ್ಟೆಗೆ ಕಂದುಗಪ್ಪು ಕಲೆ ಹಿಡಿಸುತ್ತಿದ್ದರೆ ನೀರಿನ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಮ್ಯಾಂಗನೀಸ್ ಒಪ್ಪುವಂಥದ್ದು, ಬೇರೆ ನೀರೇ ಇಲ್ಲದಿದ್ದರೆ 0.3ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ.

ಇನ್ನು ಆ ತಾಯಿಯ ಕಥೆ. ಎರಡು ವರ್ಷದಿಂದ ತಿಂಗಳಿಗೆ ಎಂಟು ಹತ್ತು ದಿನ ರಕ್ತ ಹೋಗುತ್ತಿತ್ತೆಂಬುದನ್ನು, ಜೊತೆಗೆ ಬಂದಿದ್ದ ಸೊಸೆಯನ್ನು ಹೊರಗೆ ಕಳಿಸಿದ ಮೇಲೆ, ತಲೆ ತಗ್ಗಿಸಿ ಹೇಳಿದರು. "ವಯಸ್ಸಿಗೆ ಹಂಗ ಇರ್ತೈತಿ ಅಂದ್ರ್ರಿ ಎಲ್ಲಾರೂ. ಇದನ್ನ ಯಾರ ಮುಂದ ಹೇಳೂದ್ರಿ?" ಬೆಳಗಾವಿಗೆ ಕಳಿಸಿದೆ. ಗರ್ಭಕೋಶದಲ್ಲಿ ಗಡ್ಡೆ ಇತ್ತು. ಅಪಾಯದ್ದಲ್ಲ, ಚಿಕಿತ್ಸೆಯಾಯಿತು. ಕಬ್ಬಿಣದ ಗುಳಿಗೆಯ ಮೇಲೆ ಮೂರು ತಿಂಗಳಿಗೆ ಹಿಮೋಗ್ಲೋಬಿನ್ 11 ದಾಟಿತು. ಮಣಕಾಲು ನೋವು ಪೂರ್ತಿ ಹೋಗಿಲ್ಲ, ಹೋಗುತ್ತದೆಂದು ನಾನು ಸುಳ್ಳು ಹೇಳಿಯೂ ಇಲ್ಲ. ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಟ್ಟಿದ್ದೇನೆ. ಆದರೆ ಈಗ ಹೊಲದ ತನಕ ಕೂಡ್ರದೆ ನಡೆದು ಹೋಗುತ್ತಾರೆ.

ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ "ಅವ್ವಾ, ಗುಳಿಗಿ ತಗೊಂಡ್ಯೇನು?" ಎಂದಷ್ಟೇ ಕೇಳಬೇಡಿ. "ಅವ್ವಾ, ರಕ್ತ ತಪಾಸ ಮಾಡಿಸಿ ಎಷ್ಟ ದಿನಾತು?" ಎಂದೂ ಕೇಳಿ.